ಹನ್ನೊಂದನೇ ನಂಬರಿನ ಜಟಕಾ

ದೊಡ್ಡಬಳ್ಳಾಪುರದ ರೈಲು ನಿಲ್ದಾಣದ ಎದುರು ಜಟಕಾ ಹೊಡೆಯುತ್ತಿದ್ದ ಲಕ್ಷ್ಮಯ್ಯನ ಬಗ್ಗೆ ಊರಲ್ಲಿ ಒಂದು ಮಾತಿದೆ: ತನ್ನ ಕುದುರೆಯನ್ನು ತಾನೇ ಸೂಜಿ ಹಾಕಿಸಿ ಕೊಲ್ಲಿಸಿದವನು. ಈ ಮಾತನ್ನು ಮೊದಲು ಹುಟ್ಟಿಸಿದವನು ಯಾರೆಂದು ನನಗೆ ಗೊತ್ತು. ಟೀ ಹೀರುತ್ತಾ, ಹಲ್ಲು ಕಿರಿಯುತ್ತಾ ಅದನ್ನು ಮುಂದಕ್ಕೆ ದಾಟಿಸಿದವರೂ ಗೊತ್ತು. ನಾನು ಓದಿದ್ದು ನಾಲ್ಕನೇ ಕ್ಲಾಸು. ಕುದುರೆಗೂ ಎತ್ತಿಗೂ ಲಾಳ ಕಟ್ಟುವುದು ನನ್ನ ಕಸುಬು, ಬರೆಯುವುದಲ್ಲ. ಆದರೂ ಎಂಬತ್ತೆಂಟನೇ ಇಸವಿಯಲ್ಲಿ ನಡೆದದ್ದನ್ನು ಬರೆದಿಡದೆ ಹೋದರೆ ಆ ಹೊಲಸು ಮಾತೇ ಲಕ್ಷ್ಮಯ್ಯನ ಚರಿತ್ರೆಯಾಗಿ ಉಳಿದುಬಿಡುತ್ತದೆ.

ಲಕ್ಷ್ಮಯ್ಯ ನೇಕಾರರ ಮನೆಯವನು. ಅಪ್ಪನ ಕಾಲದ ಕೈಮಗ್ಗ ತೆಗೆದು ಅಣ್ಣಂದಿರು ಪವರ್‌ಲೂಮ್ ಹಾಕಿದಾಗ, ಆ ಕಟಕಟ ಸದ್ದಿಗೆ ಇವನಿಗೆ ತಲೆ ಸಿಡಿಯುತ್ತಿತ್ತು. ಮಗ್ಗ ಬಿಟ್ಟು ರೈಲಿನಲ್ಲಿ ಬರುವ ನೂಲಿನ ಗಂಟುಗಳನ್ನು ಮಗ್ಗದ ಮನೆಗಳಿಗೆ ಸಾಗಿಸುವ ಕೆಲಸ ಹಿಡಿದ. ಹಳೇ ಜಟಕಾ ಒಂದು ಸಿಕ್ಕಿತು. ಕುದುರೆ ಸಿಕ್ಕಿದ್ದು ಬೂದಿಗೆರೆ ಕಡೆಯ ಒಂದು ಇಟ್ಟಿಗೆ ಗೂಡಿನಲ್ಲಿ. ಹೆಣ್ಣು ಕುದುರೆ, ಕಂದು ಬಣ್ಣ. ಪಕ್ಕೆಲುಬು ಎಣಿಸಬಹುದಿತ್ತು. ನೊಗ ಉಜ್ಜಿ ಉಜ್ಜಿ ಹೆಗಲ ಮೇಲೆ ಅಂಗೈಯಗಲ ಹುಣ್ಣು, ಹುಣ್ಣಿನಲ್ಲಿ ಹುಳ. ಅದನ್ನು ನನ್ನ ಹತ್ತಿರ ತಂದಾಗ ವಾಸನೆಗೆ ನಾನು ಮೂಗು ಮುಚ್ಚಿಕೊಂಡು ಬೈದೆ. ಅವನು ಬೇವಿನ ಕಡ್ಡಿ ಹಿಡಿದು ಒಂದೊಂದೇ ಹುಳ ತೆಗೆಯುತ್ತಾ ಕೂತ. ನಾಲ್ಕು ತಿಂಗಳಿಗೆ ಅದರ ಮೈ ಎಣ್ಣೆ ಹಚ್ಚಿದಂತೆ ಹೊಳೆಯಿತು. ಚೆನ್ನಿ ಎಂದು ಹೆಸರಿಟ್ಟ.

ಅವನ ಹೆಂಡತಿ ಅಂಜಿನಮ್ಮ ಬಾಯಿ ಬಿಟ್ಟರೆ ಸಿಡಿಯುವವಳು. "ನನಗೆ ಇವಳು ಎರಡನೇ ಸವತಿ ಕಣಣ್ಣ" ಅನ್ನುತ್ತಿದ್ದಳು.

"ಮೊದಲನೆಯವಳು ಯಾರಮ್ಮಾ?" ಅಂದರೆ, "ಬೀಡಿ!" ಅಂತ ಅವನ ಕಿವಿಯಲ್ಲಿದ್ದ ಬೀಡಿ ಕಿತ್ತು ಒಲೆಗೆ ಎಸೆಯುತ್ತಿದ್ದಳು. ಹಾಗಂದವಳೇ ಮಧ್ಯಾಹ್ನ ಹುರುಳಿ ಬೇಯಿಸಿ ಚೆನ್ನಿಗೆ ಮೊದಲು ಇಟ್ಟು, ಆಮೇಲೆ ಗಂಡನಿಗೆ ಮುದ್ದೆ ಬಡಿಸುತ್ತಿದ್ದಳು.

ಜಟಕಾ ಸ್ಟ್ಯಾಂಡಿನ ಒಂದು ಪದ್ಧತಿ ಇಲ್ಲಿ ಹೇಳಬೇಕು. ಇಲ್ಲದಿದ್ದರೆ ಮುಂದಿನದು ಯಾರಿಗೂ ಅರ್ಥವಾಗುವುದಿಲ್ಲ. ನಮ್ಮಲ್ಲಿ ಪುರಸಭೆಯ ನಂಬರು ಇದ್ದದ್ದು ಗಾಡಿಗೆ, ಕುದುರೆಗಲ್ಲ. ಬೆಳಿಗ್ಗೆ ಗಾಡಿ ಸಾಲಿನಲ್ಲಿ ನಿಲ್ಲದಿದ್ದರೆ ಸರದಿ ತಪ್ಪಿತು, ಅವತ್ತಿನ ದುಡಿಮೆ ಹೋಯಿತು. ಹಾಗಾಗಿ ಕುದುರೆಗೆ ಜ್ವರವೋ ಕುಂಟೋ ಬಂದರೆ ಬೇರೆಯವರ ಕುದುರೆ ತಂದು ತನ್ನ ಗಾಡಿಗೆ ಕಟ್ಟುವುದು. ಹದಿನಾಲ್ಕು ಜಟಕಾಗಳ ಆ ಸ್ಟ್ಯಾಂಡಿನಲ್ಲಿ ಹೆಚ್ಚುವರಿ ಕುದುರೆ ಇದ್ದದ್ದು ಆದಿನಾರಾಯಣಪ್ಪನೊಬ್ಬನ ಹತ್ತಿರ: ಗಾಡಿ ಮೂರು, ಕುದುರೆ ಐದು. ಯಾರ ಕುದುರೆ ಮಲಗಿದರೂ ಎಲ್ಲರೂ ಓಡುತ್ತಿದ್ದದ್ದು ಅವನ ಮನೆಗೆ. ಅವನು ಕೆಮ್ಮಿದರೆ ಉಳಿದವರು ಎದೆ ನೀವಿಕೊಳ್ಳುತ್ತಿದ್ದರು. ಆ ವರ್ಷ ಅವನು ರೇಸಿನ ಕಡೆಯಿಂದ ತಳ್ಳಿಸಿಕೊಂಡು ಬಂದ ಒಂದು ಎತ್ತರದ ಗಂಡು ಕುದುರೆಯನ್ನು ತಂದಿದ್ದ. ಕಾಡಿಗೆಯಂಥ ಮೈ, ಹಿಂದಿನ ಎಡಗಾಲಿಗೆ ಮಾತ್ರ ಕಾಲುಚೀಲ ಹಾಕಿದಂತೆ ಬಿಳುಪು. ಕರಿಯ ಅಂತ ಕರೆಯುತ್ತಿದ್ದರು.

ಮಳೆಗಾಲ ಹಿಡಿಯುತ್ತಿದ್ದಂತೆ ನೊಣ ಎದ್ದವು. ಸ್ಟ್ಯಾಂಡಿನ ಹಿಂದೆ ವರ್ಷಗಟ್ಟಲೆ ಗುಡ್ಡೆ ಹಾಕಿದ ಲದ್ದಿ, ಅದರ ಪಕ್ಕದಲ್ಲೇ ಉಚ್ಚೆಯ ಹೊಂಡ, ಅದರ ಪಕ್ಕದಲ್ಲೇ ಇವರ ಟೀ ಅಂಗಡಿ. ಕುದುರೆಗೆ ಕೂರುವ ದೊಡ್ಡ ನೊಣ ಕಚ್ಚಿದ ಜಾಗದಲ್ಲಿ ರಕ್ತ ಮಣಿಯಂತೆ ನಿಲ್ಲುತ್ತದೆ. ಕುದುರೆ ಬಾಲ ಬೀಸಿದರೆ ಎದ್ದು ಪಕ್ಕದ ಕುದುರೆಯ ಮೇಲೆ ಕೂತು ಊಟ ಮುಂದುವರಿಸುತ್ತದೆ. ಗುಡ್ಡೆ ಎತ್ತಿಸಿರೋ ಅಂತ ನಾನು ನೂರು ಸಲ ಕೂಗಿದ್ದೆ. "ನೊಣ ನಿನ್ನ ಲಾಳ ತಿಂತಾವೇನಪ್ಪಾ?" ಅಂತ ನಗುತ್ತಿದ್ದರು.

ಆಗಲೇ ಬೆಂಗಳೂರಿನಿಂದ ಒಬ್ಬ ಪ್ರಾಯದ ಡಾಕ್ಟರು ಜೀಪಿನಲ್ಲಿ ಬಂದರು. ಸುತ್ತಮುತ್ತ ಯಾವುದೋ ಫಾರಂನಲ್ಲಿ ರೇಸಿನ ಕುದುರೆಗಳಿಗೆ ಒಂದು ರೋಗ ಬಂದಿದೆಯಂತೆ, ಎಲ್ಲ ಕುದುರೆಗಳ ರಕ್ತ ನೋಡಬೇಕಂತೆ. ಅವರು ಹೇಳಿದ ಉದ್ದದ ಇಂಗ್ಲಿಷ್ ಹೆಸರು ನಮ್ಮ ನಾಲಿಗೆಗೆ ಹತ್ತಲಿಲ್ಲ. ನಾವು ರಕ್ತಜ್ವರ ಅಂದೆವು. "ಕಚ್ಚೋ ನೊಣ ಇದನ್ನ ಒಂದು ಕುದುರೆಯಿಂದ ಇನ್ನೊಂದಕ್ಕೆ ತಲುಪಿಸುತ್ತೆ. ಒಂದೇ ಸೂಜಿ ಎರಡು ಕುದುರೆಗೆ ಹಾಕಿದರೂ ಅಷ್ಟೇ. ಜ್ವರ ಬರುತ್ತೆ, ರಕ್ತ ಒಡೆಯುತ್ತೆ, ಬಡವಾಗುತ್ತೆ. ಕೆಲವು ಎದ್ದು ನಿಂತು ಮೇಯುತ್ತವೆ, ನೋಡೋಕೆ ಚೆನ್ನಾಗೇ ಇರ್ತವೆ. ಆದರೆ ರೋಗ ಸಾಯೋವರೆಗೂ ರಕ್ತದಲ್ಲೇ ಇರುತ್ತೆ. ಔಷಧಿ ಇಲ್ಲ" ಎಂದು ಬಿಡಿಸಿ ಹೇಳಿದರು. ಒಂದೊಂದು ಕುದುರೆಗೂ ಹೊಸ ಸೂಜಿ ತೆಗೆದರು.

ಸೈಕಲ್ಲಿನಲ್ಲಿ ಊರೂರು ಸುತ್ತಿ ದನ ಕುದುರೆಗಳಿಗೆ ಇಂಜೆಕ್ಷನ್ ಚುಚ್ಚುತ್ತಿದ್ದ ನರಸಿಂಹಯ್ಯ ಅಲ್ಲೇ ನಿಂತಿದ್ದ. ಡಾಕ್ಟರಿಕೆ ಓದಿದವನಲ್ಲ, ಯಾರದೋ ಕೈಕೆಳಗೆ ಇದ್ದು ಕಲಿತವನು. "ಎಷ್ಟು ಸೂಜಿ ದಂಡ ಮಾಡ್ತಾರೆ ನೋಡ್ಲಾ! ನನ್ನ ಸೂಜಿ ಒಂದೇ, ಹನ್ನೆರಡು ವರ್ಷದಿಂದ ಓಡ್ತಾ ಐತೆ" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಹಿಂದಿನ ದಿನ ಚೆನ್ನಿಗೆ ಲಾಳ ಕಟ್ಟುವಾಗ ನನ್ನ ಒಂದು ಮೊಳೆ ಆಳಕ್ಕೆ ಹೋಗಿ ಎಳೆ ಮಾಂಸಕ್ಕೆ ತಗುಲಿತ್ತು. ಕುಂಟುತ್ತಿತ್ತು, ಲಕ್ಷ್ಮಯ್ಯ ಅದನ್ನು ಮನೆಯಲ್ಲಿ ಕಟ್ಟಿದ್ದ. ಹನ್ನೊಂದನೇ ನಂಬರಿನ ಅವನ ಗಾಡಿಗೆ ಅವತ್ತು ಕಟ್ಟಿದ್ದು ಕರಿಯನನ್ನು.

ಡಾಕ್ಟರ ಜೊತೆ ಬಂದ ಬರೆಯುವವನು ಕೇಳಿದ: "ನಂಬರು?"

"ಗಾಡಿ ಹನ್ನೊಂದು ಸಾರ್. ಆದ್ರೆ ಕುದುರೆ ನಂದಲ್ಲ. ನಂದು ಮನೇಲೈತೆ" ಅಂದ ಲಕ್ಷ್ಮಯ್ಯ.

"ಯಾರ್ದಾದ್ರೆ ನನಗೇನಯ್ಯಾ? ಹನ್ನೊಂದು ಬಂತು, ಬರ್ಕೊಂಡೆ. ಮುಂದಕ್ಕೆ ನಡಿ. ಹನ್ನೆರಡು!"

"ಬಾಟ್ಲಿ ತುಂಬಿದ್ರೆ ಸಾಕು ಅವರ್ಗೆ, ನೀನ್ಯಾಕೆ ಒದ್ದಾಡ್ತೀಯ?" ಅಂದ ಆದಿನಾರಾಯಣಪ್ಪ.

ಅವತ್ತು ಸಂಜೆ ನಾನು ಲಕ್ಷ್ಮಯ್ಯನ ಅಂಗಳದಲ್ಲಿ ಕೂತು ಚೆನ್ನಿಯ ಗೊರಸಿಗೆ ಬಿಸಿನೀರು ಅರಿಸಿನ ಹಾಕಿ ತೊಳೆಯುತ್ತಿದ್ದೆ. ಧನುರ್ವಾಯು ಆದೀತೆಂದು ಹೆದರಿ ಲಕ್ಷ್ಮಯ್ಯ ನರಸಿಂಹಯ್ಯನನ್ನು ಕರೆಸಿದ್ದ. ನರಸಿಂಹಯ್ಯ ನೇರ ಆದಿನಾರಾಯಣಪ್ಪನ ಕೊಟ್ಟಿಗೆಯಿಂದಲೇ ಬಂದ. ರಕ್ತ ತೆಗೆಸಿಕೊಂಡು ಕರಿಯ ಮಂಕಾಗಿದೆ ಎಂದು ಅದಕ್ಕೆ ತಾಕತ್ತಿನ ಇಂಜೆಕ್ಷನ್ ಹಾಕಿ ಬಂದೆ ಅಂದ. ಚೀಲದಿಂದ ಸೂಜಿ ತೆಗೆದ. ತುದಿಯಲ್ಲಿ ರಕ್ತ ಇನ್ನೂ ಹಸಿಯಾಗಿತ್ತು. ಪಂಚೆಯ ಅಂಚಿಗೆ ಒರೆಸಿದ. ಅದೇ ಅಂಚಿನಲ್ಲಿ ಬಾಯಿಯ ಎಲೆಅಡಿಕೆ ರಸವನ್ನೂ ಒರೆಸಿಕೊಂಡ. ಚೆನ್ನಿಯ ಕುತ್ತಿಗೆಗೆ ಚುಚ್ಚಿದ. ನಾನು ಮೂರಡಿ ದೂರದಲ್ಲಿದ್ದೆ. ಬೆಳಿಗ್ಗೆ ಡಾಕ್ಟರು ಹೇಳಿದ್ದು ಕಿವಿಯಲ್ಲಿತ್ತು. ಆದರೂ ನನಗೆ ಏನೂ ಅನ್ನಿಸಲಿಲ್ಲ. ವರ್ಷಾನುಗಟ್ಟಲೆ ನೋಡಿ ನೋಡಿ ಕಣ್ಣಿಗೆ ಆ ಹೇಸಿಗೆಯೇ ಒಗ್ಗಿಹೋಗಿತ್ತು.

ತಿಂಗಳು ಕಳೆದ ಮೇಲೆ ದೂರದ ಲ್ಯಾಬಿನಿಂದ ಕಾಗದ ಬಂತು. ಉಳಿದವು ಚೊಕ್ಕ, ಹನ್ನೊಂದನೇ ನಂಬರಿನ ಕುದುರೆಗೆ ರೋಗವಿದೆ, ಅದನ್ನು ಕೊಂದು ಸುಣ್ಣ ಹಾಕಿ ಹೂಳಬೇಕು. ಡಾಕ್ಟರು ಆ ಕಾಗದ ಹಿಡಿದು ಚೆನ್ನಿಯನ್ನು ಹುಡುಕಿಕೊಂಡು ಬಂದರು.

ಲಕ್ಷ್ಮಯ್ಯ ಅವರನ್ನು ನಡೆಸಿಕೊಂಡು ಸ್ಟ್ಯಾಂಡಿಗೆ ಬಂದ. "ಸಾರ್, ಅವತ್ತು ಗಾಡೀಲಿದ್ದಿದ್ದು ಇವರ ಕರಿಯ. ಇಲ್ಲೇ ಎಲ್ಲಾ ಇದ್ರು, ಕೇಳಿ. ಹೇಳ್ರಪ್ಪಾ!"

ಆದಿನಾರಾಯಣಪ್ಪ ರೆಪ್ಪೆ ಮಿಟುಕಿಸಲಿಲ್ಲ. "ನನ್ನ ಕರಿಯ ಅವತ್ತು ರಾಜಘಟ್ಟಕ್ಕೆ ಹುಲ್ಲು ತರಾಕೆ ಹೋಗಿತ್ತು ಸಾಮಿ. ಕುದುರೆ ಹೋಗ್ತದಲ್ಲ ಅಂತ ಇವನ್ಗೆ ಸಂಕಟ. ಪಾಪ, ಬಾಯಿಗೆ ಬಂದಿದ್ದು ಆಡ್ತವ್ನೆ."

ಹನ್ನೆರಡು ಜನ ಇದ್ದರು. ಒಬ್ಬ ಬೀಡಿ ಹಚ್ಚಿದ, ಒಬ್ಬ ಚಾವಟಿಯ ಗಂಟು ಬಿಚ್ಚತೊಡಗಿದ, ಒಬ್ಬ ಒಂದಕ್ಕೆ ಎದ್ದುಹೋದ. ಡಾಕ್ಟರು ನನ್ನ ಕಡೆ ತಿರುಗಿದರು. "ಲಾಳ ಕಟ್ಟೋರು ನೀವೇ ಅಲ್ವಾ? ಕಾಲು ನೋಡಿದ್ರೆ ಗುರುತು ಸಿಗುತ್ತಲ್ಲ ನಿಮಗೆ? ಅವತ್ತು ಹನ್ನೊಂದಕ್ಕೆ ಕಟ್ಟಿದ್ದು ಯಾವ ಕುದುರೆ?"

ನಾನು ಎಂಥವನು? ಟೀಗೆ ಸಕ್ಕರೆ ಕಮ್ಮಿಯಾದರೆ ಲೋಟ ಎತ್ತಿ ಬಿಸಾಡುವವನು. ಪುರಸಭೆಯವರ ಮುಖಕ್ಕೇ ಬೈದವನು. ಆದರೆ ಆದಿನಾರಾಯಣಪ್ಪನ ಐದು ಕುದುರೆ ಅಂದರೆ ಇಪ್ಪತ್ತು ಗೊರಸು. ಅವನ ಮಾತು ಕೇಳುವ ಉಳಿದವರದ್ದೂ ಸೇರಿಸಿದರೆ ನನ್ನ ಇಡೀ ಅಂಗಡಿ. "ನಾನು ಬಗ್ಗಿ ಕೆಲಸ ಮಾಡ್ತಿದ್ದೆ ಸಾರ್, ನೋಡ್ಲಿಲ್ಲ" ಅಂದೆ.

ಲಕ್ಷ್ಮಯ್ಯ ನನ್ನನ್ನು ಒಂದು ಸಲ ನೋಡಿದ. ಡಾಕ್ಟರಿಗೆ ಕೈ ಮುಗಿದು, "ಹಂಗಾದ್ರೆ ನನ್ನ ಚೆನ್ನಿ ರಕ್ತಾನ ಇನ್ನೊಂದು ಸಲ ತಗೊಳಿ. ರೋಗ ಇದ್ರೆ, ಕೊಲ್ಲೋ ಸೂಜಿ ಹಾಕೋವಾಗ ನಾನೇ ಹಗ್ಗ ಹಿಡ್ಕೊಂಡು ನಿಂತ್ಕೊತೀನಿ" ಅಂದ. ಆದಿನಾರಾಯಣಪ್ಪ ಹುಟ್ಟಿಸಿ ಊರವರು ಆಡುವ ಮಾತಿಗೆ ಬುಡ ಇಷ್ಟೇ.

ಡಾಕ್ಟರು ಒಳ್ಳೆಯವರು, ಒಪ್ಪಿದರು. ಚೆನ್ನಿಯ ರಕ್ತ ತೆಗೆದರು. ಅನುಮಾನಕ್ಕೆ ಸ್ಟ್ಯಾಂಡಿನ ಎಲ್ಲ ಕುದುರೆಗಳದ್ದೂ ಮತ್ತೆ ನೋಡುವೆ, ನಾಡಿದ್ದು ಬರುವೆ, ಈ ಸಲ ಕುದುರೆಯ ಮೈಗುರುತು ಬರೆದುಕೊಳ್ಳುವೆ ಎಂದು ಹೇಳಿ ಹೋದರು.

ಮಾರನೇ ಬೆಳಿಗ್ಗೆ ಆದಿನಾರಾಯಣಪ್ಪ ಕರಿಯನನ್ನು ನನ್ನ ಅಂಗಡಿಗೆ ತಂದ. ಜೊತೆಗೆ ಮುನಿವೆಂಕಟಪ್ಪ ಅನ್ನುವ ರೈತ. "ನಾಲ್ಕಕ್ಕೂ ಹೊಸ ಲಾಳ ಹಾಕು, ದೂರ ನಡೀಬೇಕು" ಅಂದ. ಆ ರೈತ ಪಾಪ ಕರಿಯನ ಕುತ್ತಿಗೆ ತಟ್ಟುತ್ತಾ, "ಹೊಸಕೋಟೆ ಹತ್ರ ನಮ್ಮ ಸಮೇತನಹಳ್ಳಿ ಅಣ್ಣ. ಸೊಪ್ಪು ಮೂಲಂಗಿ ಮಾರ್ಕೆಟ್ಟಿಗೆ ಹೊಡೀತೀನಿ. ಇಂಥಾ ಎತ್ತರದ ಕುದುರೆ ನಮ್ಮ ಕಡೆ ಯಾರತ್ರಾನೂ ಇಲ್ಲ" ಅಂತ ಹಿಗ್ಗಿದ. ನಾನು ಆ ಬಿಳಿ ಕಾಲು ಎತ್ತಿ ತೊಡೆಯ ಮೇಲಿಟ್ಟುಕೊಂಡು ಮೊಳೆ ಹೊಡೆದೆ. ಒಂದು ಮಾತೂ ಆಡಲಿಲ್ಲ. ಥೂ! ಅವತ್ತಿನ ನನ್ನ ಕೈಗಳನ್ನು ನೆನೆದರೆ ಇವತ್ತೂ ಅನ್ನ ಕಲಸಲು ಮನಸ್ಸಾಗುವುದಿಲ್ಲ.

ಡಾಕ್ಟರು ಬಂದಾಗ ಕರಿಯ ಇರಲಿಲ್ಲ. ಯಾರಿಗೋ ಮಾರಿದೆ, ಊರು ಕೇಳಲಿಲ್ಲ ಅಂದ ಆದಿನಾರಾಯಣಪ್ಪ.

ಫಲಿತಾಂಶ ಬರುವ ತನಕ ಚೆನ್ನಿಯನ್ನು ಬೇರೆ ಕುದುರೆಗಳಿಂದ ದೂರ ಕಟ್ಟಬೇಕಿತ್ತು. ಲಕ್ಷ್ಮಯ್ಯ ಕೆರೆಯ ಅಂಚಿನಲ್ಲಿ ಒಂದು ಚಪ್ಪರ ಹಾಕಿ, ಅಣ್ಣಂದಿರ ಮಗ್ಗದಿಂದ ಹಾಳಾದ ಸೀರೆಗಳನ್ನು ತಂದು ಸುತ್ತಲೂ ಹೊಲಿದು ಸೊಳ್ಳೆಪರದೆಯಂತೆ ಕಟ್ಟಿದ. ಬೆಳಿಗ್ಗೆ ಸಂಜೆ ಬೇವಿನ ಹೊಗೆ ಹಾಕಿದ. ಗುಲಾಬಿ, ಹಳದಿ ಸೀರೆಗಳ ಒಳಗೆ ಕುದುರೆ. ಸ್ಟ್ಯಾಂಡಿನವರು ಅಲ್ಲಿಗೆ ಬಂದು, "ಏನ್ ಗುರು, ಮದುಮಗಳು ಒಳಗವ್ಳಾ?" ಅಂತ ಕೂಗಿ ನಗುತ್ತಿದ್ದರು. ಮೂರನೇ ವಾರ ಚೆನ್ನಿ ಮೇವು ಬಿಟ್ಟಿತು. ಮೈ ಕೆಂಡ. ಹೊಟ್ಟೆಯ ಕೆಳಗೆ ನೀರು ತುಂಬಿ ಊತ. ಲಕ್ಷ್ಮಯ್ಯ ಕೆಳರೆಪ್ಪೆ ಮಡಚಿ ನೋಡಿದ. ಒಳಗಿನ ಕೆಂಪು ಸವೆದು, ಒಗೆದ ಬಟ್ಟೆಯಂತೆ ಬಿಳಿಚಿ, ಅದರ ಮೇಲೆ ಸಣ್ಣ ಸಣ್ಣ ಕೆಂಪು ಚುಕ್ಕೆ.

ಕಾಗದ ಬಂತು. ಈ ಸಲ ನಂಬರು ತಪ್ಪಿರಲಿಲ್ಲ. ಚೆನ್ನಿಗೇ ರೋಗ.

ಲಕ್ಷ್ಮಯ್ಯ, "ಇದು ಫಾರಂ ಕಡೆ ಹೋಗಿಲ್ಲ, ಒಂದು ತಿಂಗಳು ಸ್ಟ್ಯಾಂಡಿನ ಕಡೇನೂ ಹೋಗಿಲ್ಲ. ಎಲ್ಲಿಂದ ಬಂತು ಸಾರ್?" ಅಂದ. ಡಾಕ್ಟರು, "ಇಂಜೆಕ್ಷನ್ ಏನಾದ್ರೂ ಹಾಕಿಸಿದ್ರಾ?" ಅಂದರು. ನಾನು ಓಡಿಹೋಗಿ ನರಸಿಂಹಯ್ಯನನ್ನು ಸೈಕಲ್ ಸಮೇತ ಎಳೆದು ತಂದೆ.

"ಹಾಕಿದ್ದೆ, ಕರಿಯನಿಗೆ ಹಾಕಿ ಇದಕ್ಕೆ ಹಾಕಿದ್ದೆ. ಸೂಜಿ ಒರೆಸಿದ್ದೆನಲ್ಲಾ! ಕತ್ತು ಬಿಡಪ್ಪಾ, ನೀನೇ ನೋಡಿದ್ಯಲ್ಲ ಒರೆಸಿದ್ದು!" ಅಂದ ಅವನು.

ಹೌದು, ನೋಡಿದ್ದೆ. ಕತ್ತು ಬಿಟ್ಟೆ.

ಕೆರೆಯಂಚಿನಲ್ಲಿ ಗುಂಡಿ ತೋಡಿದರು. ಅಂಜಿನಮ್ಮ ಬೆಲ್ಲ ಹಾಕಿದ ಹುರುಳಿ ತಂದಳು. ಚೆನ್ನಿ ಮೂಸಿತು, ತಿನ್ನಲಿಲ್ಲ. ಲಕ್ಷ್ಮಯ್ಯ ಆಡಿದ ಮಾತಿನಂತೆ ಹಗ್ಗ ಹಿಡಿದು ನಿಂತ. ಡಾಕ್ಟರು ಸಿರಿಂಜು ತೆಗೆದಾಗ, "ಹೊಸ ಸೂಜಿ ತಾನೇ ಸಾರ್?" ಅಂದ. ಡಾಕ್ಟರು ಆ ಕಡೆ ತಿರುಗಿ "ಹೌದು" ಅಂದರು. ಬಿದ್ದ ಮೇಲೂ ಹಗ್ಗ ಬಿಡಲಿಲ್ಲ ಅವನು. ಅಂಜಿನಮ್ಮನೇ ಬೆರಳು ಬಿಡಿಸಿದಳು.

ಮಾರನೇ ದಿನ ನಾನು ಅವರ ಮನೆಗೆ ಹೋದೆ. ಕರಿಯ ಎಲ್ಲಿದೆ, ಯಾರ ಹತ್ತಿರ ಇದೆ, ಲಾಳ ಕಟ್ಟಿದ್ದು ನಾನೇ ಎಂದು ಎಲ್ಲವನ್ನೂ ಒದರಿದೆ. ಅಂಜಿನಮ್ಮ ಮೊರ ಕೆಳಗಿಟ್ಟು, "ನಿಮಗೂ ಬಾಯೈತಾ ಅಪ್ಪಯ್ಯಣ್ಣ? ಅವತ್ತು ಸ್ಟ್ಯಾಂಡಲ್ಲಿ ಇರಲಿಲ್ವಂತಲ್ಲ!" ಅಂದಳು. ಲಕ್ಷ್ಮಯ್ಯ ಎದ್ದ. ಅಂಗಿ ಹಾಕಿಕೊಂಡ. "ಅವರ ಹತ್ರ ಬೇರೆ ಕುದುರೆ ಐತಾ?" ಅಂತ ಮಾತ್ರ ಕೇಳಿದ. ನನಗೆ ಗೊತ್ತಿರಲಿಲ್ಲ.

ಹೊರಡುವ ಮುಂಚೆ ಡಾಕ್ಟರಿಗೆ ಫೋನು ಮಾಡಿಸಿದ. ದೇವನಹಳ್ಳಿಗೆ ಒಂದು ಬಸ್ಸು, ಅಲ್ಲಿಂದ ಹೊಸಕೋಟೆಗೆ ಇನ್ನೊಂದು, ಆಮೇಲೆ ನಡಿಗೆ. ನಾವು ಸಮೇತನಹಳ್ಳಿ ಮುಟ್ಟಿದಾಗ ಮಧ್ಯಾಹ್ನ. ಮುನಿವೆಂಕಟಪ್ಪನ ಹೊಂಗೆಮರದ ಕೆಳಗೆ ಎರಡು ಕುದುರೆ ಕಟ್ಟಿದ್ದವು. ಒಂದು ಕರಿಯ. ಪಕ್ಕದಲ್ಲಿ ಹೊಟ್ಟೆ ತುಂಬಿದ ಬೂದು ಬಣ್ಣದ ಹೆಣ್ಣು ಕುದುರೆ. ನಡುವೆ ಮೂರು ಮೊಳ ಅಂತರ ಇರಲಿಲ್ಲ. ನೊಣಗಳು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಹಾರುತ್ತಿದ್ದವು.

ಲಕ್ಷ್ಮಯ್ಯ ಯಾರನ್ನೂ ಮಾತಾಡಿಸಲಿಲ್ಲ. ನೇರ ಹೋಗಿ ಕರಿಯನ ಹಗ್ಗ ಬಿಚ್ಚಿದ. ಮುನಿವೆಂಕಟಪ್ಪ ಕೋಲು ಹಿಡಿದು ಓಡಿಬಂದ.

"ಯಾವನೋ ನೀನು? ಹಗಲೊತ್ತಲ್ಲೇ ಕುದುರೆ ಕದಿಯಾಕೆ ಬಂದಿದ್ದೀಯಾ?"

"ಕದಿಯಲ್ಲಣ್ಣ. ಇದಕ್ಕೆ ರೋಗ ಐತೆ. ನಿನ್ನ ಕುದುರೆಯಿಂದ ದೂರ ಕಟ್ಟಬೇಕು."

"ಜ್ವರ ಬಂದಿತ್ತು, ವಾರಕ್ಕೆ ಹೋಯ್ತು! ಈಗ ಎರಡು ಕುದುರೆ ಮೇವು ತಿಂತೈತೆ. ಹಗ್ಗ ಬಿಡು!"

ಕೋಲು ಲಕ್ಷ್ಮಯ್ಯನ ಹೆಗಲ ಮೇಲೆ ಬಿತ್ತು. ನಾನು ಮುಷ್ಟಿ ಕಟ್ಟಿ ನುಗ್ಗಿದೆ. ಅವನು ಮೊಣಕೈಯಿಂದ ನನ್ನನ್ನು ತಳ್ಳಿ, "ನೀನು ಸುಮ್ನಿರು, ಸುಮ್ನಿರಾಕೆ ಬರ್ತದಲ್ಲ ನಿನಗೆ" ಅಂದ. ನನಗೆ ಬಿದ್ದ ಏಟು ಅದೇ. ಆಮೇಲೆ ಮುನಿವೆಂಕಟಪ್ಪನಿಗೆ, "ಹೊಡೆಯೋದು ಹೊಡಿ, ಆದ್ರೆ ಒಂದು ಸಲ ಇಲ್ಲಿ ನೋಡು. ನಿನ್ನ ಹೆಣ್ಣು ಕುದುರೆ ಎಷ್ಟು ತಿಂಗಳು?" ಅಂದ.

"ಒಂಬತ್ತು. ಯಾಕೆ?"

ಲಕ್ಷ್ಮಯ್ಯ ಬೂದು ಕುದುರೆಯ ಕೆಳರೆಪ್ಪೆ ಮಡಚಿ ತೋರಿಸಿದ. ಒಳಗೆ ದಾಳಿಂಬೆ ಬಣ್ಣ. ಕರಿಯನ ರೆಪ್ಪೆ ಮಡಚಿದ. ಮಾಸಲು ಬಿಳುಪು, ಚುಕ್ಕೆ. "ನನ್ನದು ಮೊನ್ನೆ ಹಿಂಗೇ ಇತ್ತು. ಇವತ್ತು ಮಣ್ಣೊಳಗೈತೆ. ನೊಣ ನಿನ್ನ ಕೋಲಿಗೆ ಹೆದರಲ್ಲ ಕಣಣ್ಣ" ಅಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

ಮುನಿವೆಂಕಟಪ್ಪ ತಾನೇ ಎರಡೂ ರೆಪ್ಪೆಗಳನ್ನು ಮಡಚಿ ಮಡಚಿ ನೋಡಿದ. ಕೋಲು ಕೆಳಗೆ ಹಾಕಿದ. "ಆ ಆದಿನಾರಾಯಣಪ್ಪ ಗೊತ್ತಿದ್ದೇ ಮಾರಿದ್ನಾ?" ಎಂದು ಕೇಳಿದ. ಲಕ್ಷ್ಮಯ್ಯ ನನ್ನ ಕಡೆ ನೋಡಿದ. ಉತ್ತರ ನಾನೇ ಹೇಳಬೇಕಾಗಿತ್ತು.

"ಗೊತ್ತಿತ್ತು. ನನಗೂ ಗೊತ್ತಿತ್ತು. ಗೊತ್ತಿದ್ದೇ ಲಾಳ ಹೊಡೆದೆ" ಅಂದೆ.

ಅವನು ನನ್ನ ಕಾಲಬುಡಕ್ಕೆ ಕ್ಯಾಕರಿಸಿ ಉಗಿದ. ಸರಿಯಾಗೇ ಮಾಡಿದ. ಕರಿಯನ ಹಗ್ಗ ತಗೊಂಡು ಮೂಲಂಗಿ ಹೊಲ ದಾಟಿ, ದೂರದ ಬೋರೆ ದಿಣ್ಣೆಯ ಮೇಲೆ ತಾನೇ ಕಟ್ಟಿಬಂದ.

ಡಾಕ್ಟರ ಜೀಪು ಮೂರನೇ ದಿನ ಬಂತು. ಆ ಮೂರು ದಿನವೂ ಲಕ್ಷ್ಮಯ್ಯ ಅಲ್ಲೇ ಉಳಿದ. ಬೋರೆಯ ಮೇಲೆ ಸೊಪ್ಪಿನ ಹೊಗೆ ಹಾಕಿ, ಹೊಂಗೆ ಸೊಪ್ಪಿನ ಕೊಂಬೆ ಹಿಡಿದು ಕರಿಯನ ಮೈಮೇಲಿನ ನೊಣ ಬಡಿಯುತ್ತಾ ಕೂತ. ಯಾರದೋ ಕುದುರೆ, ತನ್ನ ಕುದುರೆಗೆ ರೋಗ ಕೊಟ್ಟ ಕುದುರೆ. ಅದಕ್ಕೆ ನೀರು ಹೊತ್ತು ಕುಡಿಸಿದ. ನನಗೆ ಆಗಲಿಲ್ಲ, ಮೊದಲನೇ ಸಂಜೆಯೇ ಬಸ್ಸು ಹತ್ತಿದೆ.

ಕರಿಯನ ರಕ್ತದಲ್ಲಿ ರೋಗ ಸಿಕ್ಕಿತು. ಸಮೇತನಹಳ್ಳಿಯಲ್ಲಿ ಅದನ್ನು ಹೂತರು. ಬೂದು ಕುದುರೆಯ ರಕ್ತವನ್ನು ಎರಡು ಸಲ ನೋಡಿದರು. ಎರಡು ಸಲವೂ ಚೊಕ್ಕ. ಈ ಸುದ್ದಿ ಹೇಳಲು ಡಾಕ್ಟರೇ ದೊಡ್ಡಬಳ್ಳಾಪುರಕ್ಕೆ ಬಂದರು. ಲಕ್ಷ್ಮಯ್ಯ ಆಗ ನೂಲಿನ ಗಂಟನ್ನು ಬೆನ್ನ ಮೇಲೆ ಹೊತ್ತು ಬರುತ್ತಿದ್ದ. ಗಂಟು ಇಳಿಸದೆ ನಿಂತು ಕೇಳಿದ.

"ಮರಿ ಹಾಕ್ತಾ ಸಾರ್?"

"ಹಾಕ್ತು. ಹೆಣ್ಣು. ಅದರ ರಕ್ತಾನೂ ನೋಡಿದ್ವಿ, ಏನೂ ಇಲ್ಲ."

"ಹೊಸ ಸೂಜಿ ಹಾಕಿದ್ರಲ್ಲ?" ಅಂದ. ಡಾಕ್ಟರು ತಲೆಯಾಡಿಸಿದ ಮೇಲೆ, ಗಂಟನ್ನು ಒಂದು ಸಲ ಮೇಲಕ್ಕೆ ಜಗ್ಗಿಕೊಂಡು ಮಗ್ಗದ ಬೀದಿಯ ಕಡೆ ನಡೆದ.